ಡಯೋಡ್ ಎತ್ತರ ನೋಡುತ್ತದೆ, ಹೊತ್ತು ನೋಡುವುದಿಲ್ಲ: ದೇವಿಮನೆ ಘಟ್ಟದ ಬುಡದ ಒಂದು ಫ್ರೀಕ್ವೆನ್ಸಿ ಮೀಟರಿನ ಪ್ರಕರಣ

ಶಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟದ ಬುಡದಲ್ಲಿ, ಮುಖ್ಯರಸ್ತೆಯಿಂದ ಬಹಳ ಒಳಗೆ, ಒಂದು ಅಡಿಕೆ ತೋಟದ ಮನೆಯಿದೆ. ಮನೆಯ ಹಿಂದಿನ ಸೊಪ್ಪಿನಬೆಟ್ಟದಿಂದ ಬರುವ ಹಳ್ಳಕ್ಕೆ ಸಣ್ಣದೊಂದು ಕಟ್ಟು ಹಾಕಿ, ನೀರನ್ನು ಪೈಪಿನಲ್ಲಿ 40 ಮೀಟರ್ ಕೆಳಗಿಳಿಸಿ, ಪೆಲ್ಟನ್ ಚಕ್ರವನ್ನು ತಿರುಗಿಸಿ ಆ ಮನೆಯವರು ತಮ್ಮ ವಿದ್ಯುತ್ತನ್ನು ತಾವೇ ಮಾಡಿಕೊಳ್ಳುತ್ತಾರೆ. ಮಳೆಗಾಲದಲ್ಲಿ ಸೆಕೆಂಡಿಗೆ 6 ಲೀಟರಿನಷ್ಟು ನೀರು ಸಿಗುತ್ತದೆ. ಗುರುತ್ವದ ಅಂಕಿ 9.81ನ್ನು 6ರಿಂದ ಮತ್ತು 40ರಿಂದ ಗುಣಿಸಿದರೆ ಸುಮಾರು 2,350 ವ್ಯಾಟ್. ಪೈಪು, ಚಕ್ರ, ಜನರೇಟರುಗಳ ನಷ್ಟ ಕಳೆದು ಮನೆಗೆ ಒಂದು ಕಿಲೋವ್ಯಾಟಿಗಿಂತ ತುಸು ಹೆಚ್ಚು ದಕ್ಕುತ್ತದೆ. ಕಾಳಿ ನದಿಯ ಮೇಲೆ ಕದ್ರಾದಲ್ಲಿ 150 ಮೆಗಾವ್ಯಾಟ್, ಕೊಡಸಳ್ಳಿಯಲ್ಲಿ 120 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರಗಳಿರುವ ಜಿಲ್ಲೆಯಿದು. ಆದರೂ ಆಷಾಢದ ಗಾಳಿಗೆ ಮರ ಉರುಳಿ ತಂತಿ ಹರಿದರೆ ಘಟ್ಟದ ಮಡಿಲಿನ ಮನೆಗಳಿಗೆ ದಿನಗಟ್ಟಲೆ ಕರೆಂಟು ಬರುವುದಿಲ್ಲ. ಹಾಗಾಗಿ ಆ ಮನೆಯಲ್ಲಿ ಹಳ್ಳದ ಕರೆಂಟನ್ನು ಮನೆಯ ದನದಷ್ಟೇ ಮುತುವರ್ಜಿಯಿಂದ ನೋಡಿಕೊಳ್ಳುತ್ತಾರೆ.

ಇಂಥ ಚಿಕ್ಕ ಘಟಕದಲ್ಲಿ ನೀರಿನ ಹರಿವನ್ನು ಕ್ಷಣಕ್ಷಣಕ್ಕೂ ಹೆಚ್ಚು ಕಡಿಮೆ ಮಾಡುವ ವ್ಯವಸ್ಥೆ ಇರುವುದಿಲ್ಲ. ನೀರು ಒಂದೇ ಸಮನೆ ಬೀಳುತ್ತಿರುತ್ತದೆ, ಜನರೇಟರ್ ಒಂದೇ ಸಮನೆ ವಿದ್ಯುತ್ತನ್ನು ಕೊಡುತ್ತಿರುತ್ತದೆ, ಮನೆ ಬಳಸದೆ ಉಳಿದದ್ದನ್ನು ಲೋಡ್ ಕಂಟ್ರೋಲರ್ ಎಂಬ ಸಾಧನವು, ಪ್ರತಿ ಅರ್ಧ ಆವರ್ತದಲ್ಲೂ ಬೇಕಾದ ಕ್ಷಣದಿಂದ ಹೊತ್ತಿಕೊಳ್ಳುವ ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚಿನ ಮೂಲಕ, ಬಚ್ಚಲಿನ ನೀರಿನ ತೊಟ್ಟಿಯ ಹೀಟರಿಗೆ ಸುರಿಯುತ್ತದೆ. ಸುರಿಯದೆ ಹೋದರೆ ಹೊರೆ ಇಳಿದ ಚಕ್ರ ವೇಗವಾಗಿ ತಿರುಗತೊಡಗಿ ಫ್ರೀಕ್ವೆನ್ಸಿ ಏರುತ್ತದೆ. ನಾಲ್ಕು ಧ್ರುವಗಳ ಜನರೇಟರ್ ನಿಮಿಷಕ್ಕೆ 1,500 ಸುತ್ತು ತಿರುಗಿದಾಗ 50 ಹರ್ಟ್ಸ್. 1,650 ಸುತ್ತಾದರೆ 55 ಹರ್ಟ್ಸ್. ಹೀಗೆ ಫ್ರೀಕ್ವೆನ್ಸಿಯೇ ಆ ಘಟಕದ ನಾಡಿ.

ನನ್ನ ಬಳಿ ಡಿಪ್ಲೊಮಾ ಓದಿದ ಹುಡುಗನೊಬ್ಬ ಆ ಮನೆಯ ಯಜಮಾನರ ಅಳಿಯ. ಕಂಟ್ರೋಲರ್ ಒಂದು ವೇಳೆ ಕೈಕೊಟ್ಟರೆ ಮನೆಯ ಉಪಕರಣಗಳು ಉಳಿಯಲಿ ಎಂದು ಅವನು ಎಟಿಮೆಗಾ328 ಎಂಬ ಮೈಕ್ರೋಕಂಟ್ರೋಲರ್ ಚಿಪ್ ಬಳಸಿ ಒಂದು ಫ್ರೀಕ್ವೆನ್ಸಿ ಮೀಟರ್ ಕಟ್ಟಿದ್ದ. 230 ವೋಲ್ಟನ್ನು 9 ವೋಲ್ಟಿಗೆ ಇಳಿಸುವ ಸಣ್ಣ ಟ್ರಾನ್ಸ್‌ಫಾರ್ಮರಿನಿಂದ ಅಲೆ ಪಡೆದು, ಸೆಕೆಂಡಿಗೆ ಎಷ್ಟು ಏರುಅಂಚುಗಳು (ಅಲೆ ಶೂನ್ಯ ದಾಟಿ ಮೇಲೇರುವ ಕ್ಷಣಗಳು) ಬಂದವೆಂದು ಎಣಿಸಿ, ಮೂರು ಸೆಕೆಂಡು ಸತತವಾಗಿ 55ಕ್ಕಿಂತ ಹೆಚ್ಚು ಕಂಡರೆ ರಿಲೇ ಬಿಟ್ಟು ಮನೆಯ ಸಂಪರ್ಕವನ್ನು ಕಡಿದುಹಾಕುವ ಏರ್ಪಾಡು ಅದು. ಯೋಚನೆ ಒಳ್ಳೆಯದು, ಅಗತ್ಯವೂ ಹೌದು. ತೊಂದರೆ ಇದ್ದದ್ದು ಅಲೆಯನ್ನು ಚಿಪ್ಪಿಗೆ ಒಗ್ಗುವಂತೆ ತಿದ್ದುವ ನಾಲ್ಕೈದು ಬಿಡಿಭಾಗಗಳ ಸಣ್ಣ ಭಾಗದಲ್ಲಿ, ಅದರಲ್ಲೂ ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡುಗಳ ಕುರಿತ ತಿಳಿವಳಿಕೆಯಲ್ಲಿ. ಅಲ್ಲಿ ಒಂದರ ಹಿಂದೊಂದು ಬಂದ ಮೂರು ದೋಷಗಳನ್ನು ಇಲ್ಲಿ ಪೂರ್ಣವಾಗಿ ದಾಖಲಿಸುತ್ತಿದ್ದೇನೆ. ಮೊದಲನೆಯದೂ ಮೂರನೆಯದೂ ಬೇರೆ ಬೇರೆ ತಪ್ಪುಗಳಂತೆ ಕಂಡರೂ ಬೇರು ಒಂದೇ ಎಂಬುದು ನನ್ನ ಅಭಿಪ್ರಾಯ.

ಕತ್ತರಿಸಲು ಇಟ್ಟ ಡಯೋಡ್ ಎತ್ತಿ ಕೂರಿಸಿತು

ಮಳೆಗಾಲದ ಮೊದಲ ತಿಂಗಳಲ್ಲೇ ಎರಡು ಚಿಪ್ಪುಗಳು ಸತ್ತವು. ಪ್ರತಿಸಲವೂ ಹೋದದ್ದು ಅಲೆ ಬರುವ ಅದೇ ಕಾಲು. ಹುಡುಗ ಗುಡುಗಿನ ಮೇಲೆ ಅನುಮಾನಪಟ್ಟಿದ್ದ, ನಮ್ಮ ಕಡೆ ಅದು ಸಹಜವಾದ ಅನುಮಾನವೇ. ಅವನು ಕಳಿಸಿದ ನಕ್ಷೆ ಹೀಗಿತ್ತು: ಟ್ರಾನ್ಸ್‌ಫಾರ್ಮರಿನ 9 ವೋಲ್ಟಿನ ತುದಿಯಿಂದ 10 ಮೈಕ್ರೋಫ್ಯಾರಡ್ ಕೆಪಾಸಿಟರ್, ಅದರಾಚೆ ನೆಲಕ್ಕೆ (ಸರ್ಕಿಟ್ಟಿನ ಸೊನ್ನೆ ವೋಲ್ಟಿನ ತಂತಿಗೆ) ಒಂದು 1ಎನ್4148 ಡಯೋಡ್, ಪ್ರವಾಹ ಒಳಹೋಗುವ ತುದಿಯಾದ ಆನೋಡ್ ನೆಲದಲ್ಲಿ, ಹೊರಬರುವ ತುದಿಯಾದ ಕ್ಯಾಥೋಡ್ ಅಲೆಯ ತಂತಿಯಲ್ಲಿ, ಅಲ್ಲಿಂದ 1 ಕಿಲೋಓಮ್ ರೆಸಿಸ್ಟರ್ ಮೂಲಕ ಚಿಪ್ಪಿನ ಕಾಲಿಗೆ. ಅಲೆಯ ಋಣಾರ್ಧವನ್ನು ಡಯೋಡ್ ಕತ್ತರಿಸುತ್ತದೆ, ಕೆಪಾಸಿಟರ್ ಡಿಸಿಯನ್ನು ತಡೆಯುತ್ತದೆ ಎಂಬುದು ಅವನ ವಿವರಣೆ. ಎರಡು ವಾಕ್ಯಗಳನ್ನೂ ಬಿಡಿಯಾಗಿ ತೆಗೆದುಕೊಂಡರೆ ತಪ್ಪಿಲ್ಲ. ಕೂಡಿಸಿದಾಗ ಮಾತ್ರ ಅರ್ಥವೇ ಬದಲಾಗುತ್ತದೆ.

ನೆಲಕ್ಕೆ ಜೋಡಿಸಿದ ಡಯೋಡ್ ಕ್ಲಿಪ್ಪರ್, ಅಂದರೆ ಅಲೆಯನ್ನು ಕತ್ತರಿಸುವ ಸರ್ಕಿಟ್, ಆಗಬೇಕಾದರೆ, ಅದು ತೆರೆದುಕೊಂಡಾಗ ಹರಿಯುವ ಪ್ರವಾಹವನ್ನು ನುಂಗಿ ಅಲ್ಲಿಯೇ ಮರೆತುಬಿಡುವ ಒಂದು ರೆಸಿಸ್ಟರ್ ಅದರ ಮುಂದೆ ಇರಬೇಕು. ಕೆಪಾಸಿಟರ್ ಮರೆಯುವುದಿಲ್ಲ. ಋಣಾರ್ಧದಲ್ಲಿ ಡಯೋಡ್ ತೆರೆದಾಗ ಕೆಪಾಸಿಟರ್ ಅಲೆಯ ಶಿಖರದಷ್ಟು ವೋಲ್ಟೇಜಿಗೆ ತುಂಬಿಕೊಳ್ಳುತ್ತದೆ. ಬರಿದಾಗಲು ದಾರಿಯಿಲ್ಲದ ಕಾರಣ ತುಂಬಿದ್ದು ತುಂಬಿಯೇ ಇರುತ್ತದೆ, ಮುಂದಿನ ಕ್ಷಣದಿಂದ ಇಡೀ ಅಲೆಯ ಜೊತೆ ಆ ವೋಲ್ಟೇಜ್ ಕೂಡಿಕೊಳ್ಳುತ್ತದೆ. ಅಲೆಯ ತಳ ನೆಲಕ್ಕಿಂತ 0.6 ವೋಲ್ಟ್ ಕೆಳಗೆ ಕುಳಿತು, ತುದಿ ಎರಡು ಪಟ್ಟು ಎತ್ತರಕ್ಕೆ ಹೋಗುತ್ತದೆ. ಆಕಾರ ಕಿಂಚಿತ್ತೂ ಬದಲಾಗುವುದಿಲ್ಲ, ಕೂರುವ ಜಾಗ ಬದಲಾಗುತ್ತದೆ. ಇದೇ ಕ್ಲ್ಯಾಂಪರ್. ಹಳೆಯ ಪಿಕ್ಚರ್ ಟ್ಯೂಬಿನ ಟಿವಿಗಳಲ್ಲಿ, ಕೆಪಾಸಿಟರ್ ದಾಟಿ ಬಂದ ಚಿತ್ರಸಂಕೇತದ ಕಪ್ಪು ಮಟ್ಟವನ್ನು ಮತ್ತೆ ತನ್ನ ಜಾಗಕ್ಕೆ ತಂದು ನಿಲ್ಲಿಸಲು ಇದನ್ನೇ ಬಳಸುತ್ತಿದ್ದರು. ಅಲ್ಲಿ ಅದು ಬೇಕಾದ ಕೆಲಸ, ಇಲ್ಲಿ ಬೇಡದ ಕೆಲಸ.

ಸಣ್ಣ ಟ್ರಾನ್ಸ್‌ಫಾರ್ಮರುಗಳು ಹೊರೆಯಿಲ್ಲದಾಗ ಬರೆದದ್ದಕ್ಕಿಂತ ಹೆಚ್ಚೇ ಕೊಡುತ್ತವೆ. ಅವನ 9 ವೋಲ್ಟಿನದು ಸುಮಾರು 11 ವೋಲ್ಟ್ ಕೊಡುತ್ತಿತ್ತು. ಅಂದರೆ ಶಿಖರ 15.5 ವೋಲ್ಟ್, ತಳದಿಂದ ತುದಿಗೆ 31 ವೋಲ್ಟ್. ಮನೆಗೆ ಹೋದ ದಿನ ಮೊದಲು ಮಾಡಿಸಿದ ಕೆಲಸವೆಂದರೆ ಚಿಪ್ಪನ್ನು ಸಾಕೆಟಿನಿಂದ ಕಿತ್ತಿಟ್ಟು, ಖಾಲಿ ಕಾಲಿನಲ್ಲಿ ಸಾಮಾನ್ಯ ಮಲ್ಟಿಮೀಟರಿನಿಂದ ಡಿಸಿ ಅಳೆಯುವುದು. ಡಯೋಡ್ ನಿಜವಾಗಿಯೂ ಅರ್ಧ ಅಲೆಯನ್ನು ಕತ್ತರಿಸುತ್ತಿದ್ದರೆ ಸರಾಸರಿಯು ಶಿಖರವನ್ನು ಪೈನಿಂದ ಭಾಗಿಸಿದಷ್ಟು, ಅಂದರೆ 5 ವೋಲ್ಟಿನ ಹತ್ತಿರ ಬರಬೇಕು. ಮೀಟರ್ 15ರ ಹತ್ತಿರ ತೋರಿಸಿತು. ಆ ಒಂದು ಅಂಕಿಯೇ ಸಾಕು: ಅಲೆ ಪೂರ್ತಿಯಾಗಿ ಇದೆ, ಮೇಲೆದ್ದು ನಿಂತಿದೆ, ತುದಿ 30 ವೋಲ್ಟಿಗೆ ಮುಟ್ಟುತ್ತಿದೆ. ಚಿಪ್ ಸಾಕೆಟಿನಲ್ಲಿದ್ದಾಗ ಅದರೊಳಗಿನ ರಕ್ಷಣಾ ಡಯೋಡ್ ಈ ಎತ್ತರವನ್ನು ಪ್ರತಿ ಆವರ್ತದಲ್ಲೂ 5 ವೋಲ್ಟಿನ ಕಡೆಗೆ ಎಳೆದು ತಡೆಯುತ್ತಿತ್ತು, ತಡೆದು ತಡೆದು ಸೋತಿತ್ತು. ಅದೇ ಚಿಪ್ ವಂಶದ ತಯಾರಕರು ತಮ್ಮ ಶೂನ್ಯ ದಾಟು ಪತ್ತೆಯ ಟಿಪ್ಪಣಿಯಲ್ಲಿ ಈ ಒಳಡಯೋಡುಗಳಿಗೆ 1 ಮಿಲಿಆಂಪಿಯರಿಗಿಂತ ಹೆಚ್ಚು ಹೊರಿಸಬಾರದೆಂದು ಹೇಳಿದ್ದಾರೆ. ಇಲ್ಲಿ ಅದರ ಹಲವು ಪಟ್ಟು ಹೋಗುತ್ತಿತ್ತು.

ಗುಡುಗಿನ ಪಾಲು ಇದರಲ್ಲಿ ಇದ್ದಿರಬಹುದು, ಆದರೆ ಗುಡುಗು ಇಲ್ಲದ ಊರಿನಲ್ಲಿಯೂ ಆ ಕಾಲು ಬಹಳ ದಿನ ಬಾಳುತ್ತಿರಲಿಲ್ಲ.

ನೆಲಕ್ಕಿಂತ ಕೆಳಗೆ

ಎರಡನೆಯ ದೋಷ ಚಿಕ್ಕದು, ಬೇಗ ಮುಗಿಯಿತು. ಕೆಪಾಸಿಟರ್ ತೆಗೆಸಿ, ಎರಡು ಡಯೋಡುಗಳನ್ನು ಒಂದಕ್ಕೊಂದು ತಲೆಕೆಳಗಾಗಿ ಅಲೆಯಿಂದ ನೆಲಕ್ಕೆ ಜೋಡಿಸು, ಅಲೆ ಎರಡೂ ಕಡೆ ಸುಮಾರು 0.6 ವೋಲ್ಟಿಗೆ ನಿಲ್ಲುತ್ತದೆ, ಅದನ್ನು ಕಂಪ್ಯಾರೇಟರಿಗೆ (ಎರಡು ವೋಲ್ಟೇಜುಗಳಲ್ಲಿ ಯಾವುದು ಹೆಚ್ಚೆಂದು ಹೇಳುವ ಚಿಪ್) ಕೊಟ್ಟು ಚೌಕ ಅಲೆ ಮಾಡಿಕೋ ಎಂದು ಹೇಳಿ ನಾನು ಶಿರಸಿಗೆ ವಾಪಸಾದೆ. ಅವನು ಎಲ್‌ಎಂ393 ಹಾಕಿದ, ಅದನ್ನು 5 ವೋಲ್ಟ್ ಮತ್ತು ನೆಲದ ನಡುವೆ ನಡೆಸಿದ, ಮುಂದಿನ ರೆಸಿಸ್ಟರನ್ನು 1 ಕಿಲೋಓಮ್‌ನಲ್ಲೇ ಬಿಟ್ಟ. ಆ ಕಂಪ್ಯಾರೇಟರಿನ ಇನ್‌ಪುಟ್ 0.3 ವೋಲ್ಟಿಗಿಂತ ಹೆಚ್ಚು ನೆಲದ ಕೆಳಗೆ ಇಳಿಯಬಾರದು. ಇಳಿದರೆ ಒಳಗಿನ ಪದರಗಳ ನಡುವಿನ ಜಂಕ್ಷನ್ ತೆರೆದುಕೊಂಡು ಔಟ್‌ಪುಟ್ ತಪ್ಪು ದಿಕ್ಕಿಗೆ ಹೋಗಬಹುದು. 15 ಮಿಲಿಆಂಪಿಯರ್ ಹರಿಯುವಾಗ ಸಿಲಿಕಾನ್ ಡಯೋಡ್ 0.6ರಲ್ಲಿ ನಿಲ್ಲದೆ ಮುಕ್ಕಾಲು ವೋಲ್ಟಿನವರೆಗೂ ಬಿಡುತ್ತದೆ. ಡಯೋಡಿನ ವೋಲ್ಟೇಜ್ ಗೋಡೆಯಂತೆ ನೆಟ್ಟಗೆ ನಿಂತಿರುವುದಿಲ್ಲ, ಅದೊಂದು ದಿಬ್ಬದ ಏರು. ಪ್ರವಾಹ ಹತ್ತು ಪಟ್ಟಾದಾಗಲೆಲ್ಲ 1ಎನ್4148ರಲ್ಲಿ ಸುಮಾರು 0.1 ವೋಲ್ಟ್ ಮೇಲೇರುತ್ತದೆ.

ಈ ತಪ್ಪು ನನ್ನದೇ. ಕಂಪ್ಯಾರೇಟರಿಗೆ ಋಣ ವೋಲ್ಟೇಜ್ ಸಲ್ಲದೆಂದು ಹೇಳದೆ ಬಂದಿದ್ದೆ. ಪರಿಹಾರ ಸರಳ: 10 ಕಿಲೋಓಮಿನ ಎರಡು ರೆಸಿಸ್ಟರುಗಳಿಂದ 5 ವೋಲ್ಟನ್ನು ಅರ್ಧ ಮಾಡಿ 2.5 ವೋಲ್ಟಿನ ಒಂದು ಮಧ್ಯಬಿಂದು ಮಾಡಿಕೊಂಡು, ಟ್ರಾನ್ಸ್‌ಫಾರ್ಮರಿನ ಇನ್ನೊಂದು ತುದಿಯನ್ನೂ ಡಯೋಡುಗಳ ಕೆಳತುದಿಯನ್ನೂ ನೆಲಕ್ಕೆ ಬದಲು ಆ ಬಿಂದುವಿಗೆ ಕಟ್ಟುವುದು. ಡಯೋಡುಗಳ ಪ್ರವಾಹ ಟ್ರಾನ್ಸ್‌ಫಾರ್ಮರಿನಿಂದ ಹೊರಟು ಟ್ರಾನ್ಸ್‌ಫಾರ್ಮರಿಗೇ ಮರಳುವುದರಿಂದ ಮಧ್ಯಬಿಂದು ಅಲುಗುವುದಿಲ್ಲ. ಅಲೆ ಈಗ ಸುಮಾರು 1.75ರಿಂದ 3.25 ವೋಲ್ಟಿನ ನಡುವೆ ಆಡುತ್ತದೆ. 5 ವೋಲ್ಟಿನಲ್ಲಿ ಆ ಕಂಪ್ಯಾರೇಟರ್ ಒಪ್ಪಿಕೊಳ್ಳುವ ವ್ಯಾಪ್ತಿ ಸೊನ್ನೆಯಿಂದ 3.5ರವರೆಗೆ, ಆದ್ದರಿಂದ ಎರಡು ಬದಿಯಲ್ಲೂ ಜಾಗ ಉಳಿಯಿತು.

ಇಲ್ಲಿ ಕೆಲವರು ಡಯೋಡುಗಳನ್ನು ನೇರವಾಗಿ 5 ವೋಲ್ಟ್ ಮತ್ತು ನೆಲಕ್ಕೆ ಕಟ್ಟುತ್ತಾರೆ. ಅದು ತಪ್ಪಲ್ಲ, ಆದರೆ ಮುಂದಿನ ರೆಸಿಸ್ಟರ್ ಚಿಕ್ಕದಾಗಿದ್ದರೆ ಕತ್ತರಿಸಿದ ಪ್ರವಾಹವೆಲ್ಲ 5 ವೋಲ್ಟಿನ ತಂತಿಗೆ ಸುರಿಯುತ್ತದೆ. ಸಾಮಾನ್ಯ ರೆಗ್ಯುಲೇಟರ್ ಪ್ರವಾಹವನ್ನು ಕೊಡಬಲ್ಲದು, ಹಿಂದಕ್ಕೆ ತೆಗೆದುಕೊಳ್ಳಲಾರದು. ಉದಾಹರಣೆಗೆ 470 ಓಮ್ ಇಟ್ಟರೆ ಸರಾಸರಿ 5 ಮಿಲಿಆಂಪಿಯರಿನಷ್ಟು ಒಳಬರುತ್ತದೆ, ಸರ್ಕಿಟ್ ಮೂರೇ ಮಿಲಿಆಂಪಿಯರ್ ತಿನ್ನುತ್ತಿದ್ದರೆ 5 ವೋಲ್ಟ್ ನಿಧಾನವಾಗಿ 6ಕ್ಕೆ, 7ಕ್ಕೆ ತೆವಳುತ್ತದೆ. ಕಾರಣ ತಿಳಿಯದೆ ರೆಗ್ಯುಲೇಟರನ್ನೇ ಬದಲಿಸಿದವರನ್ನು ನಾನು ಕಂಡಿದ್ದೇನೆ.

ಮನೆ ಮಲಗಿದ ಮೇಲೆ ಬರುವ ಸುಳ್ಳು

ಮೀಟರ್ ಈಗ ಚಿಪ್ಪುಗಳನ್ನು ಸುಡಲಿಲ್ಲ, ಸಂಜೆ ನೋಡಿದರೆ 49, 50 ಎಂದು ನೆಮ್ಮದಿಯಾಗಿ ತೋರಿಸಿತು. ವಾರ ಕಳೆದ ಮೇಲೆ ಯಜಮಾನರೇ ಫೋನು ಮಾಡಿದರು. "ಮಾಸ್ತರೇ, ನಿಮ್ಮ ಪೆಟ್ಟಿಗೆ ಹಗಲು ಸರಿಯೇ ಇರ್ತದೆ. ರಾತ್ರಿ ಎಲ್ಲ ಮಲಗಿದ ಮೇಲೆ ಟಕ್ ಅಂತ ಕರೆಂಟು ತೆಗೀತದೆ. ಅಮ್ಮ ಎದ್ದರೆ ಜಗಲಿಯಲ್ಲಿ ದೀಪ ಇಲ್ಲ." ಹುಡುಗ ಬರೆದಿಟ್ಟ ಅಂಕಿಗಳಲ್ಲಿ ರಾತ್ರಿ ಹತ್ತೂವರೆಯ ನಂತರ ಒಮ್ಮೆ 100, ಒಮ್ಮೆ 137, ಒಮ್ಮೆ 150. ಚಕ್ರ ನಿಜವಾಗಿ ಮೂರು ಪಟ್ಟು ವೇಗದಲ್ಲಿ ತಿರುಗಿದ್ದರೆ ಅದು ಮಲಗಿದವರನ್ನೆಲ್ಲ ಎಬ್ಬಿಸುತ್ತಿತ್ತು. ಆದ್ದರಿಂದ ಫ್ರೀಕ್ವೆನ್ಸಿ ಸರಿಯಿದೆ, ಎಣಿಕೆ ತಪ್ಪಿದೆ.

ಅಷ್ಟರಲ್ಲಿ ಹುಡುಗ ತಾನೇ ಒಂದು ಪ್ರಯೋಗ ಮಾಡಿದ್ದ, ಅದು ಫಲ ಕೊಡದಿದ್ದರೂ ಈ ಪ್ರಕರಣದಲ್ಲಿ ಅತ್ಯಂತ ಬೆಲೆಬಾಳುವ ಸುಳಿವು ಕೊಟ್ಟಿತು. 0.6 ವೋಲ್ಟಿಗೆ ಕತ್ತರಿಸಿದರೆ ಗದ್ದಲ (ಅಲೆಯ ಮೇಲೆ ಕೂರುವ ಬೇಡದ ಏರಿಳಿತ) ಉಳಿಯುತ್ತದೆ, ಇನ್ನೂ ಕೆಳಗೆ ಕತ್ತರಿಸಿದರೆ ಗದ್ದಲವೂ ಕತ್ತರಿಸಿಹೋಗುತ್ತದೆ ಎಂದುಕೊಂಡು ಅವನು ಸಿಲಿಕಾನ್ ಡಯೋಡುಗಳ ಜಾಗದಲ್ಲಿ 0.3 ವೋಲ್ಟಿಗೇ ತೆರೆದುಕೊಳ್ಳುವ ಶಾಟ್ಕಿ ಡಯೋಡುಗಳನ್ನು ಹಾಕಿದ್ದ. ರಾತ್ರಿಯ ಅಂಕಿಗಳಲ್ಲಿ ಏನೂ ಬದಲಾಗಲಿಲ್ಲ. "ಸರ್, ಡಯೋಡ್ ಗದ್ದಲವನ್ನು ತೆಗೆಯುವುದಿಲ್ಲವೇ?" ಎಂದು ಅವನು ಕೇಳಿದ. ಪಾಠ ಹೇಳುವಾಗ ನಾವು ಬೋರ್ಡಿನ ಮೇಲೆ ನುಣುಪಾದ ಸೈನ್ ಅಲೆ ಬರೆದು ಅದರ ತಲೆಯನ್ನು ನೇರ ಗೆರೆಯಿಂದ ಕತ್ತರಿಸಿ ತೋರಿಸುತ್ತೇವೆ. ಆ ಚಿತ್ರದಲ್ಲಿ ಗದ್ದಲ ಇರುವುದೇ ಇಲ್ಲ. ಅವನ ಪ್ರಶ್ನೆ ಆ ಚಿತ್ರದಿಂದಲೇ ಹುಟ್ಟಿದ್ದು.

ರಾತ್ರಿ ಅಲ್ಲಿಯೇ ಉಳಿದು, ಬ್ಯಾಟರಿಯಿಂದ ನಡೆಯುವ ಸಣ್ಣ ಓಸಿಲೋಸ್ಕೋಪನ್ನು ಟ್ರಾನ್ಸ್‌ಫಾರ್ಮರಿನ 9 ವೋಲ್ಟಿನ ಬದಿಗೆ ಕಟ್ಟಿಕೊಂಡು ಕುಳಿತೆವು. (230 ವೋಲ್ಟಿನ ಬದಿಗೆ ಪ್ರೋಬ್ ಮುಟ್ಟಿಸಬಾರದೆಂದು ಎಷ್ಟು ಸಲ ಹೇಳಿದರೂ ಕಡಿಮೆಯೇ.) ಸಂಜೆ ಮನೆಯಲ್ಲಿ ದೀಪ, ಮಿಕ್ಸಿ, ಟಿವಿ ಎಲ್ಲ ನಡೆಯುವಾಗ ಅಲೆಯ ಮೈಮೇಲೆ ಪ್ರತಿ ಅರ್ಧ ಆವರ್ತಕ್ಕೊಂದು ಚಿಕ್ಕ ಕಚ್ಚು ಕಂಡಿತು. ಒಂದೊಂದೇ ದೀಪ ಆರುತ್ತ ಹೋದಂತೆ ಆ ಕಚ್ಚು ಆಳವಾಗುತ್ತ ಹೋಯಿತು, ಆವರ್ತದ ಆರಂಭದ ಕಡೆಗೆ ಸರಿಯುತ್ತಲೂ ಹೋಯಿತು. ಹತ್ತೂವರೆಯ ಹೊತ್ತಿಗೆ ಅದು ಶೂನ್ಯದವರೆಗೂ ಇಳಿದು, ಇಳಿದಲ್ಲಿ ನಿಲ್ಲದೆ ಶೂನ್ಯದ ಆಚೆ ಈಚೆ ನಡುಗತೊಡಗಿತು. ನಡುಕದ ಎತ್ತರ ಎರಡೂ ಕಡೆ ಸುಮಾರು 2 ವೋಲ್ಟ್, ಅದರ ಫ್ರೀಕ್ವೆನ್ಸಿ ಸುಮಾರು 5 ಕಿಲೋಹರ್ಟ್ಸ್, ಅರ್ಧ ಮಿಲಿಸೆಕೆಂಡಿನೊಳಗೆ ತಣ್ಣಗಾಗುತ್ತಿತ್ತು.

ಕಾರಣ ಜನರೇಟರಿನ ಸುರುಳಿಯಲ್ಲಿದೆ. ಟ್ರಯಾಕ್ ಹೊತ್ತಿಕೊಂಡ ಕ್ಷಣ ಹೀಟರ್ ಏಕಾಏಕಿ ಪ್ರವಾಹ ಕೇಳುತ್ತದೆ, ಆದರೆ ಸುರುಳಿಯ ಇಂಡಕ್ಟೆನ್ಸ್ ಪ್ರವಾಹವನ್ನು ಏಕಾಏಕಿ ಏರಗೊಡುವುದಿಲ್ಲ. ಮನೆಯಲ್ಲಿ ಆಗಲೇ ಹೊರೆ ಇದ್ದರೆ ಸುರುಳಿಯಲ್ಲಿ ಹರಿಯುತ್ತಿರುವ ಪ್ರವಾಹವನ್ನೇ ಮನೆಯೂ ಹೀಟರೂ ಹಂಚಿಕೊಳ್ಳುತ್ತವೆ, ವೋಲ್ಟೇಜ್ ಸ್ವಲ್ಪ ಕುಸಿದು ಏಳುತ್ತದೆ. ಮನೆ ಮಲಗಿದ್ದಾಗ ಹಂಚಿಕೊಳ್ಳಲು ಪ್ರವಾಹವೇ ಇಲ್ಲ, ಆದ್ದರಿಂದ ವೋಲ್ಟೇಜ್ ಒಂದು ಕ್ಷಣ ಶೂನ್ಯಕ್ಕೆ ಬಿದ್ದು, ಸುರುಳಿಯ ಇಂಡಕ್ಟೆನ್ಸ್ ಮತ್ತು ಕೇಬಲ್ಲು, ಎಲ್‌ಇಡಿ ದೀಪಗಳೊಳಗಿನ ಕೆಪಾಸಿಟೆನ್ಸ್ ಸೇರಿ ಅದನ್ನು ನಡುಗಿಸುತ್ತವೆ. ರಾತ್ರಿ ಹೀಟರಿಗೆ ಹೆಚ್ಚುಕಡಿಮೆ ಪೂರ್ತಿ ವಿದ್ಯುತ್ ಹೋಗಬೇಕಾದ್ದರಿಂದ ಟ್ರಯಾಕ್ ಆವರ್ತದ ಆರಂಭದಲ್ಲೇ ಹೊತ್ತಿಕೊಳ್ಳುತ್ತದೆ. ಬೆಳಗಿನ ಸ್ನಾನದ ನೀರು ಕಾಯುವ ಹೊತ್ತೇ ಮೀಟರ್ ಸುಳ್ಳು ಹೇಳುವ ಹೊತ್ತು ಆಗಿದ್ದು ಹೀಗೆ.

ಈಗ ಡಯೋಡಿನ ಪ್ರಶ್ನೆಗೆ ಬರೋಣ. ಸ್ಕೋಪಿನ ಎರಡನೆಯ ಪ್ರೋಬನ್ನು ಡಯೋಡುಗಳ ಮೇಲೆ ಇಟ್ಟಾಗ ಉತ್ತರ ಪರದೆಯ ಮೇಲೆಯೇ ಇತ್ತು. ಅಲೆಯ ಶಿಖರವಿದ್ದ 15 ವೋಲ್ಟಿನ ಭಾಗವೆಲ್ಲ 0.6ರ ಸಪಾಟು ಗೆರೆಯಾಗಿತ್ತು. 2 ವೋಲ್ಟಿನ ನಡುಕವೂ ಅದೇ 0.6ರ ಗೆರೆಗಳ ನಡುವೆ, ಮುಖ್ಯ ಅಲೆಯಷ್ಟೇ ಎತ್ತರದ ಪುಟ್ಟ ಚೌಕ ಅಲೆಗಳಾಗಿ ನಿಂತಿತ್ತು. ಕತ್ತರಿಸುವ ಮೊದಲು ನಡುಕ ಮುಖ್ಯ ಅಲೆಯ ಸುಮಾರು ಎಂಟನೇ ಒಂದು ಭಾಗದಷ್ಟಿತ್ತು, ಕತ್ತರಿಸಿದ ಮೇಲೆ ಎರಡಕ್ಕೂ ಸಮಾನ ಅಂತಸ್ತು. ಶಾಟ್ಕಿ ಡಯೋಡ್ ಹಾಕಿದಾಗ ಎರಡೂ 0.3ಕ್ಕೆ ಇಳಿದವು, ಸಮಾನವಾಗಿಯೇ ಉಳಿದವು. ಕಂಪ್ಯಾರೇಟರಿಗೆ ಯಾವುದು ನಿಜವಾದ ಶೂನ್ಯ ದಾಟು, ಯಾವುದು ನಡುಕದ್ದು ಎಂದು ತಿಳಿಯುವ ದಾರಿಯೇ ಇರಲಿಲ್ಲ.

ಡಯೋಡಿಗೆ ಗೊತ್ತಿರುವುದು ಎತ್ತರ ಮಾತ್ರ. ಆ ಕ್ಷಣದ ವೋಲ್ಟೇಜ್ ತನ್ನ ಗೆರೆ ದಾಟಿತೇ ಇಲ್ಲವೇ ಎಂಬುದನ್ನು ಬಿಟ್ಟು ಅದು ಬೇರೇನನ್ನೂ ಕೇಳುವುದಿಲ್ಲ. ಹತ್ತು ಮಿಲಿಸೆಕೆಂಡ್ ಬಾಳುವ ಅಲೆಯೂ ನೂರು ಮೈಕ್ರೋಸೆಕೆಂಡಿನ ನಡುಕವೂ ಅದಕ್ಕೆ ಒಂದೇ. ಅದಕ್ಕಿಂತ ಮುಖ್ಯವಾದ ಸಂಗತಿ: ಕ್ಲಿಪ್ಪರ್ ಎಸೆದುಬಿಡುವುದು ಶೂನ್ಯದಿಂದ ದೂರ ಇರುವ ಭಾಗವನ್ನು, ಅಂದರೆ ಎಣಿಕೆಗೆ ತೊಂದರೆ ಕೊಡದ ಭಾಗವನ್ನು. ಅದು ಮುಟ್ಟದೆ ಉಳಿಸುವುದು ಶೂನ್ಯದ ಹತ್ತಿರದ ಭಾಗವನ್ನು, ಅಂದರೆ ತೊಂದರೆಯೆಲ್ಲ ಕುಳಿತಿರುವ ಜಾಗವನ್ನು. ಮೊದಲ ದೋಷದಲ್ಲಿ ಕೆಪಾಸಿಟರ್ ನೆನಪಿಟ್ಟುಕೊಂಡದ್ದನ್ನು ಹುಡುಗ ಲೆಕ್ಕಕ್ಕೆ ಹಿಡಿಯಲಿಲ್ಲ, ಇಲ್ಲಿ ಡಯೋಡಿಗೆ ನೆನಪೇ ಇಲ್ಲದ್ದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಎರಡು ಕಡೆಯೂ ಕಾಲದ ಲೆಕ್ಕ ಬಿಟ್ಟುಹೋಗಿತ್ತು.

ತಿದ್ದಿದ ಸರ್ಕಿಟ್

ಕಾಲವನ್ನು ನೋಡಬಲ್ಲದ್ದು ರೆಸಿಸ್ಟರ್ ಮತ್ತು ಕೆಪಾಸಿಟರಿನ ಜೋಡಿ, ಅಂದರೆ ವೇಗದ ಏರಿಳಿತಗಳನ್ನು ಕುಗ್ಗಿಸುವ ಫಿಲ್ಟರ್. ಅದನ್ನು ಡಯೋಡುಗಳ ಮುಂದೆ, ಅಲೆ ಇನ್ನೂ ತನ್ನ ಪೂರ್ಣ ಎತ್ತರದಲ್ಲಿರುವಾಗಲೇ ಇಡಬೇಕೆಂದು ತೀರ್ಮಾನಿಸಿದೆವು. ಒಟ್ಟು 22 ಕಿಲೋಓಮ್, ಮಧ್ಯಬಿಂದುವಿಗೆ 100 ನ್ಯಾನೋಫ್ಯಾರಡ್. ಗುಣಲಬ್ಧ 2.2 ಮಿಲಿಸೆಕೆಂಡ್, ಕಡಿತದ ಫ್ರೀಕ್ವೆನ್ಸಿ 72 ಹರ್ಟ್ಸ್. 50 ಹರ್ಟ್ಸಿನ ಅಲೆ 0.82 ಪಟ್ಟಿಗೆ ಇಳಿದು 15.5 ವೋಲ್ಟಿನ ಶಿಖರ 12.7ಕ್ಕೆ ಬರುತ್ತದೆ. 5 ಕಿಲೋಹರ್ಟ್ಸಿನ ನಡುಕವಾದರೋ ಸುಮಾರು 70ರಲ್ಲಿ ಒಂದು ಪಾಲಾಗಿ, 2 ವೋಲ್ಟ್ ಇದ್ದದ್ದು 29 ಮಿಲಿವೋಲ್ಟ್ ಆಗುತ್ತದೆ. ಅಂತಸ್ತಿನ ವ್ಯತ್ಯಾಸ ಎಂಟು ಪಟ್ಟಿನಿಂದ ನಾನೂರು ಪಟ್ಟಿಗೂ ಮೇಲೆ ಹೋಯಿತು. ಈಗ ಕತ್ತರಿಸಿದರೆ ಭಯವಿಲ್ಲ.

ಕೆಪಾಸಿಟರಿನಾಚೆ 100 ಕಿಲೋಓಮ್, ಅದರಾಚೆ ತಲೆಕೆಳಗು ಜೋಡಿಯಾಗಿ ಎರಡು 1ಎನ್4148. ಶಿಖರದಲ್ಲೂ ಡಯೋಡಿನಲ್ಲಿ ಹರಿಯುವುದು 0.12 ಮಿಲಿಆಂಪಿಯರ್ ಮಾತ್ರವಾದ್ದರಿಂದ ಅಲೆ ಅರ್ಧ ವೋಲ್ಟಿನ ಆಸುಪಾಸಿನಲ್ಲೇ ನಿಲ್ಲುತ್ತದೆ, ಫಿಲ್ಟರಿನ ಲೆಕ್ಕವೂ ಹೆಚ್ಚು ಕೆಡುವುದಿಲ್ಲ. ಇಲ್ಲಿ 1ಎನ್4007 ಹಾಕಿದರೆ ಕೆಡುತ್ತದೆಯೇ ಎಂದು ಹುಡುಗ ಕೇಳಿದ. 1ಎನ್4148 ನಾಲ್ಕು ನ್ಯಾನೋಸೆಕೆಂಡಿನಲ್ಲಿ ಮುಚ್ಚಿಕೊಳ್ಳುತ್ತದೆ, 1ಎನ್4007ಕ್ಕೆ ಮೈಕ್ರೋಸೆಕೆಂಡುಗಳು ಬೇಕು. ನೂರಾರು ಕಿಲೋಹರ್ಟ್ಸಿನಲ್ಲಿ ಆ ವ್ಯತ್ಯಾಸ ಅಲೆಯ ಆಕಾರವನ್ನೇ ಹಾಳುಮಾಡುತ್ತದೆ, 50 ಹರ್ಟ್ಸಿನಲ್ಲಿ ಕಣ್ಣಿಗೇ ಬೀಳುವುದಿಲ್ಲ. ಕುಮಟೆಯ ಅಂಗಡಿಯಲ್ಲಿ ಯಾವುದು ಸಿಕ್ಕಿದರೂ ನಡೆಯುತ್ತದೆ ಎಂದೆ. ಎರಡೂ ಡಯೋಡುಗಳು ಒಂದೇ ಜಾತಿಯವು ಆಗಿರಬೇಕೆಂಬುದನ್ನು ಮಾತ್ರ ಒತ್ತಿ ಹೇಳಿದೆ. ಉಷ್ಣತೆ ಒಂದು ಡಿಗ್ರಿ ಏರಿದರೆ ಡಯೋಡಿನ ವೋಲ್ಟೇಜ್ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಮಾಘದ ಬೆಳಗಿನ ಚಳಿಗೂ ಏಪ್ರಿಲ್ ಮಧ್ಯಾಹ್ನದ ಸೆಕೆಗೂ 20 ಡಿಗ್ರಿ ಅಂತರವಿದ್ದರೆ 40 ಮಿಲಿವೋಲ್ಟ್ ಸರಿಯುತ್ತದೆ. ಎರಡೂ ಬದಿಗಳು ಸಮನಾಗಿ ಸರಿದರೆ ನಡುವಿನ ಶೂನ್ಯ ತನ್ನ ಜಾಗದಲ್ಲೇ ಇರುತ್ತದೆ.

ಕೊನೆಗೆ ಕಂಪ್ಯಾರೇಟರಿಗೆ ಹಿಸ್ಟರೆಸಿಸ್, ಅಂದರೆ ಏರುವಾಗ ಒಂದು ಗೆರೆ, ಇಳಿಯುವಾಗ ಇನ್ನೊಂದು ಗೆರೆ, ಕೊಟ್ಟೆವು. ಮಧ್ಯಬಿಂದುವಿನಿಂದ ಧನ ಇನ್‌ಪುಟ್ಟಿಗೆ 10 ಕಿಲೋಓಮ್, ಔಟ್‌ಪುಟ್ಟಿನಿಂದ ಹಿಂದಕ್ಕೆ 470 ಕಿಲೋಓಮ್. 5 ವೋಲ್ಟಿನ ಏರಿಳಿತದಲ್ಲಿ ಸುಮಾರು 104 ಮಿಲಿವೋಲ್ಟಿನ ಕಿಂಡಿ ಸಿಗುತ್ತದೆ. ಉಳಿದಿರುವ ನಡುಕ ತಳದಿಂದ ತುದಿಗೆ 58 ಮಿಲಿವೋಲ್ಟ್, ಕಿಂಡಿ ದಾಟಲು ಅದಕ್ಕೆ ಸಾಧ್ಯವಿಲ್ಲ. ಫಿಲ್ಟರ್ ಒಂದೇ ಇದ್ದರೆ ಸಾಲದು, ಹಿಸ್ಟರೆಸಿಸ್ ಒಂದೇ ಇದ್ದರೂ ಸಾಲದು: ಫಿಲ್ಟರ್ ಇಲ್ಲದೆ 2 ವೋಲ್ಟಿನ ನಡುಕವನ್ನು ತಡೆಯುವಷ್ಟು ದೊಡ್ಡ ಕಿಂಡಿ ಮಾಡಿದರೆ ಅರ್ಧ ವೋಲ್ಟಿಗೆ ಕತ್ತರಿಸಿದ ಮುಖ್ಯ ಅಲೆಯೇ ಅದನ್ನು ದಾಟಲಾರದು.

ಫಿಲ್ಟರ್ ಮೊದಲು, ಡಯೋಡ್ ಆಮೇಲೆ ಎಂಬುದನ್ನು ಎಲ್ಲೆಡೆಗೂ ಸಲ್ಲುವ ನಿಯಮವೆಂದು ಹಿಡಿಯಬಾರದು. ಅಲೆಗಿಂತ ತಗ್ಗಿನ, ಶೂನ್ಯದ ಸುತ್ತ ಆಡುವ ಗದ್ದಲಕ್ಕೆ ಅದು ಸರಿ. ಅಲೆಗಿಂತ ಬಹಳ ಎತ್ತರದ, ಕ್ಷಣಮಾತ್ರದ ಪೆಟ್ಟಿಗೆ ಕ್ರಮ ತಿರುಗುಮುರುಗಾಗುತ್ತದೆ. ಮುಂಗಾರಿಗೆ ಮುಂಚಿನ ಸಿಡಿಲಿನ ದಿನಗಳಲ್ಲಿ ಚಕ್ರದ ಮನೆಯಿಂದ ತೋಟದ ಮೂಲಕ ಬರುವ ಉದ್ದನೆಯ ತಂತಿಯಲ್ಲಿ ಪ್ರೇರಿತವಾದ 200 ವೋಲ್ಟಿನ ಪೆಟ್ಟೊಂದು 10 ಮೈಕ್ರೋಸೆಕೆಂಡ್ ಕಾಲ ಈ ಬದಿಗೆ ಬಂತೆಂದುಕೊಳ್ಳೋಣ. 2.2 ಮಿಲಿಸೆಕೆಂಡಿನ ಫಿಲ್ಟರಿಗೆ ಅದು ನೇರವಾಗಿ ತಲುಪಿದರೆ ಕೆಪಾಸಿಟರಿನಲ್ಲಿ 0.9 ವೋಲ್ಟಿನ ಜಿಗಿತ, ಮೊದಲೇ 27 ವೋಲ್ಟಿಗೆ ಕತ್ತರಿಸಿದರೆ 0.12 ವೋಲ್ಟ್. ಆದ್ದರಿಂದ 22 ಕಿಲೋಓಮನ್ನು ಎರಡಾಗಿ ಒಡೆದು, 2.2 ಮುಂದೆ, 20 ಹಿಂದೆ ಇಟ್ಟು, ನಡುವೆ 27 ವೋಲ್ಟಿಗೆ ಹಿಮ್ಮುಖವಾಗಿಯೂ ತೆರೆದುಕೊಳ್ಳುವ ಎರಡು ಝೀನರ್ ಡಯೋಡುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿದೆವು. ಸಾಮಾನ್ಯ ದಿನಗಳಲ್ಲಿ 15 ವೋಲ್ಟಿನ ಅಲೆಗೆ ಅವು ಇವೆಯೆಂಬುದೇ ತಿಳಿಯುವುದಿಲ್ಲ. ಟ್ರಾನ್ಸ್‌ಫಾರ್ಮರಿನ 230 ವೋಲ್ಟಿನ ಬದಿಗೆ ಅತಿ ವೋಲ್ಟೇಜನ್ನು ನುಂಗುವ ವ್ಯಾರಿಸ್ಟರ್ ಒಂದು ಬೇರೆ. ಹೀಗೆ ಒಂದೇ ದಾರಿಯಲ್ಲಿ ಡಯೋಡುಗಳು ಎರಡು ಕಡೆ, ಎರಡು ಬೇರೆ ಎತ್ತರಗಳಲ್ಲಿ, ಎರಡು ಬೇರೆ ಉದ್ದೇಶಗಳಿಗಾಗಿ ಬಂದವು, ನಡುವೆ ಫಿಲ್ಟರ್.

ಬೋರ್ಡ್ ಬದಲಿಸಿದ ಮೇಲೆ ಮೂರು ರಾತ್ರಿ ಅಂಕಿಗಳನ್ನು ಬರೆಸಿದೆವು. ಮನೆಯ ಎಲ್ಲ ದೀಪ ಆರಿಸಿ ಹೀಟರ್ ಪೂರ್ತಿ ಉರಿಯುವಾಗಲೂ 50ರಿಂದ ಒಂದಕ್ಕಿಂತ ಆಚೆ ಹೋಗಲಿಲ್ಲ. ರಿಲೇ ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ನೋಡಲು ಮನೆಯ ಮುಖ್ಯ ಸ್ವಿಚ್ ಇಳಿಸಿ, ಹೀಟರಿನ ತಂತಿಯನ್ನೂ ಬಿಡಿಸಿ, ನೀರಿನ ಗೇಟಿನ ಬಳಿ ಒಬ್ಬರನ್ನು ನಿಲ್ಲಿಸಿಕೊಂಡು ಚಕ್ರವನ್ನು ಕ್ಷಣಕಾಲ ಹಗುರ ಬಿಟ್ಟೆವು. 55 ದಾಟಿ ಮೂರು ಸೆಕೆಂಡಿಗೆ ರಿಲೇ ಬಿಟ್ಟಿತು. ಸುಳ್ಳನ್ನು ತಡೆಯುವ ಭರದಲ್ಲಿ ನಿಜವನ್ನೂ ತಡೆದುಬಿಟ್ಟಿಲ್ಲ ಎಂದು ಖಚಿತವಾದ ಮೇಲೆಯೇ ಅಮ್ಮನಿಗೆ ಜಗಲಿಯ ದೀಪದ ಬಗ್ಗೆ ಮಾತು ಕೊಟ್ಟದ್ದು.

ಒಂದು ವಿಷಯ ಉಳಿದಿತ್ತು. ಹುಡುಗನಿಗೆ ಮುಂದಿನ ಮಳೆಗಾಲದೊಳಗೆ ಕಂಟ್ರೋಲರನ್ನೂ ತಾನೇ ಕಟ್ಟುವ ಆಸೆ, ಟ್ರಯಾಕಿಗೆ ಸಮಯ ಹೇಳಲು ಇದೇ ಚೌಕ ಅಲೆಯನ್ನು ಬಳಸಿಕೊಳ್ಳುವ ಯೋಚನೆ. ಫ್ರೀಕ್ವೆನ್ಸಿ ಎಣಿಸಲು ಅಲೆ ಎಷ್ಟು ತಡವಾಗಿ ಬಂದರೂ ಚಿಂತೆಯಿಲ್ಲ, ತಡ ಪ್ರತಿಸಲ ಒಂದೇ ಆಗಿದ್ದರೆ ಸಾಕು. ಟ್ರಯಾಕಿಗೆ ಹಾಗಲ್ಲ. ನಮ್ಮ ಫಿಲ್ಟರ್ 50 ಹರ್ಟ್ಸಿನಲ್ಲಿ ಅಲೆಯನ್ನು ಸುಮಾರು 35 ಡಿಗ್ರಿ, ಅಂದರೆ 1.9 ಮಿಲಿಸೆಕೆಂಡ್ ಹಿಂದಕ್ಕೆ ತಳ್ಳುತ್ತದೆ. ಹಿಸ್ಟರೆಸಿಸ್ ಸೇರಿಸುವ ತಡ 13 ಮೈಕ್ರೋಸೆಕೆಂಡಿನಷ್ಟೇ, ಅದನ್ನು ಬಿಟ್ಟುಬಿಡಬಹುದು. ತಿದ್ದದೆ ಬಳಸಿದರೆ ಹೀಟರ್ ಪೂರ್ತಿ ಉರಿಯಬೇಕಾದಾಗಲೂ ಪ್ರತಿ ಅರ್ಧ ಆವರ್ತದ ಐದನೇ ಒಂದು ಪಾಲು ಖಾಲಿ ಹೋಗುತ್ತದೆ. ಚಕ್ರದ ವೇಗ ಬದಲಾದರೆ ಈ ತಡವೂ ಬದಲಾಗುವುದಿಲ್ಲವೇ ಎಂದು ಅವನು ಕೇಳಿದಾಗ ಇಬ್ಬರೂ ಕೂತು ಲೆಕ್ಕ ಹಾಕಿದೆವು: 45 ಹರ್ಟ್ಸಿನಲ್ಲಿ 1.97 ಮಿಲಿಸೆಕೆಂಡ್, 55 ಹರ್ಟ್ಸಿನಲ್ಲಿ 1.88. ಅಂತರ ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಹಾಗಾಗಿ ಪ್ರೋಗ್ರಾಮಿನಲ್ಲಿ ಒಂದೇ ಸ್ಥಿರ ಸಂಖ್ಯೆಯನ್ನು ಇಟ್ಟು, ಮುಂದಿನ ಶೂನ್ಯವನ್ನು ಅಷ್ಟು ಮುಂಚಿತವಾಗಿ ಊಹಿಸಿಕೊಳ್ಳುವಂತೆ ಅವನು ಬರೆದಿದ್ದಾನೆ. ಮೂಲ ಅಲೆಯನ್ನೂ ತಿದ್ದಿದ ಸಂಕೇತವನ್ನೂ ಸ್ಕೋಪಿನಲ್ಲಿ ಅಕ್ಕಪಕ್ಕ ಇಟ್ಟು ತಾಳೆ ನೋಡುವ ಕೆಲಸ ದೀಪಾವಳಿಯ ರಜೆಗೆ ನಿಗದಿಯಾಗಿದೆ, ಹಳ್ಳದಲ್ಲಿ ಆಗ ಇನ್ನೂ ನೀರಿರುತ್ತದೆ.